ಗುಲಾಬಸಾಬರ ಕೈ

ನೇರ ನೋಡಿದರೆ ಕಾಣುವುದಿಲ್ಲ, ವಾರೆ ನೋಡಿದರೆ ಒಂದಿಷ್ಟು ಕಾಣುತ್ತದೆ. ಇಂಥ ಕಣ್ಣಿಟ್ಟುಕೊಂಡು ಕರಿ ಕಾರಿಗೆ ಪಾಲಿಶ್ ಮಾಡಲು ನಿಂತವನನ್ನು ಏನೆಂದು ಕರೆಯಬೇಕು? ಹುಚ್ಚ ಎಂದು ಕರೆದು ಮುಗಿಸಬಹುದಿತ್ತು. ಆದರೆ ಗುಲಾಬಸಾಬನ ತಲೆ ಸರಿಯಾಗಿಯೇ ಇತ್ತು, ಕೆಟ್ಟದ್ದು ಕಣ್ಣು ಮಾತ್ರ.

ಗರಗದಿಂದ ಹರೆಯದಲ್ಲೇ ಧಾರವಾಡಕ್ಕೆ ಬಂದವನು, ಈಗ ಅರವತ್ತೊಂದು. ಲಕಮನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಪತ್ರಾಸಿನ, ಅಂದರೆ ತಗಡಿನ ಶೆಡ್ಡು, ಮೇಲೆ 'ಗುಲಾಬಸಾಬ ಕಾರ್ ಪಾಲಿಶ್' ಎಂಬ ಬೋರ್ಡು. ನಲವತ್ತು ವರ್ಷ ಕಾರು ತಿಕ್ಕಿದ ಕೈ ಅದು. ತಿಕ್ಕುವುದೆಂದರೆ ತೊಳೆಯುವುದಲ್ಲ, ತಪ್ಪು ತಿಳಿಯಬೇಡಿ. ಈಗಿನ ಕಾರುಗಳ ಬಣ್ಣದ ಮೇಲೆ ಗಾಜಿನಂಥ ಒಂದು ಪದರ ಇರುತ್ತದೆ, ಅದಕ್ಕೆ ಕ್ಲಿಯರ್ ಕೋಟ್ ಅನ್ನುತ್ತಾರೆ. ಹೊಲಸು ಬಟ್ಟೆಯಿಂದ ಒರೆಸಿ ಒರೆಸಿ ಅದರ ಮೇಲೆ ಸಣ್ಣ ಸುತ್ತುಗೆರೆಗಳು ಏಳುತ್ತವೆ. ಮಷಿನ್ನಿಗೆ ತಿರುಗುವ ಪ್ಯಾಡು ಹಾಕಿ, ಕಂಪೌಂಡ್ ಎಂಬ ತಿಕ್ಕುವ ಲೇಪ ಹಚ್ಚಿ, ಆ ಪದರವನ್ನು ಕೂದಲೆಳೆಗಿಂತಲೂ ಕಡಿಮೆ ಸವೆಸಿದರೆ ಗೆರೆ ಮಾಯವಾಗಿ ನಿಮ್ಮ ಮುಖ ಕಾಣುತ್ತದೆ. ಸ್ವಲ್ಪ ಹೆಚ್ಚು ಸವೆಸಿದಿರೋ, ಪದರವೇ ಹೋಗಿ ಬಣ್ಣ ಬೋಳಾಗುತ್ತದೆ. ಆಮೇಲೆ ಮದ್ದಿಲ್ಲ, ಹೊಸದಾಗಿ ಬಣ್ಣ ಹೊಡೆಯುವುದೊಂದೇ ದಾರಿ. ಎಲ್ಲಿ ನಿಲ್ಲಿಸಬೇಕೆಂದು ಹೇಳಬೇಕಾದ್ದು ಕಣ್ಣು. ಬಿಳಿ ಕಾರು ತಪ್ಪನ್ನು ಒಂದಿಷ್ಟು ಮುಚ್ಚಿಕೊಳ್ಳುತ್ತದೆ. ಕರಿ ಕಾರು ಮಾತ್ರ ಚಾಡಿಕೋರ, ಇದ್ದದ್ದನ್ನೆಲ್ಲ ಬಂದವರೆದುರು ಹೇಳಿಬಿಡುತ್ತದೆ.

ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಗುಲಾಬಸಾಬನ ಕಣ್ಣಿನ ಹಿಂದಿನ ಪರದೆಯನ್ನು ತಿಂದಿತು. ಹುಬ್ಬಳ್ಳಿಯ ಡಾಕ್ಟರು ಎರಡು ಸಲ ಸೂಜಿ ಚುಚ್ಚಿ, ಮೂರನೆಯ ಸಲಕ್ಕೆ, "ಹೋದದ್ದು ಹೋತ್ರಿ ಯಜಮಾನರ, ಉಳಿದದ್ದನ್ನ ಉಳಿಸ್ಕೊಳ್ರಿ" ಎಂದು ಕೈ ಚೆಲ್ಲಿದರು. ಅವತ್ತಿನಿಂದ ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ಯಾವುದನ್ನು ನೋಡಬೇಕೆಂದು ಕಣ್ಣು ನೆಡುತ್ತಾನೋ ಅದೇ ಹೊಗೆಯಾಗಿ ಹೋಗುತ್ತದೆ. ರಸ್ತೆ ದಾಟುತ್ತಾನೆ, ಚಹಾ ಸುರಿದುಕೊಳ್ಳುತ್ತಾನೆ, ಸಲಾಮು ಹೊಡೆದವರ ದನಿ ಹಿಡಿದು ಹೆಸರು ಹೇಳುತ್ತಾನೆ. ಹಾಗಾಗಿ ಯಾರಿಗೂ ಗುಮಾನಿ ಬರಲಿಲ್ಲ. ಹೆಂಡತಿ ಅಬೀದಾ ತೀರಿಕೊಂಡು ಐದು ವರ್ಷವಾಗಿತ್ತು. ಗುಟ್ಟು ಗೊತ್ತಿದ್ದದ್ದು ಮಗಳು ಗುಲ್ನಾಜಳಿಗೆ ಒಬ್ಬಳಿಗೇ.

ಗುಲ್ನಾಜ ಇಪ್ಪತ್ತೊಂಬತ್ತರವಳು. ಬಿಕಾಂ ಮುಗಿಸಿದ್ದು ಹೆಸರಿಗೆ, ಕಲಿತದ್ದು ಅಪ್ಪನ ಶೆಡ್ಡಿನಲ್ಲಿ. ಎರಡು ವರ್ಷದಿಂದ ಮಷಿನ್ನು ಹಿಡಿದವಳು ಅವಳೇ. ಗಿರಾಕಿ ಬಂದ ಸಪ್ಪಳವಾದರೆ ಮಷಿನ್ನು ಅಪ್ಪನ ಕೈಗೆ ಹೋಗುತ್ತಿತ್ತು, ಲೈಟು ಮಗಳ ಕೈಗೆ ಬರುತ್ತಿತ್ತು. ಅವಳು ಲೈಟಿನ ಸ್ಟ್ಯಾಂಡಿಗೆ ಬೆರಳಿಂದ ಒಮ್ಮೆ ತಟ್ಟಿದರೆ ಇನ್ನೊಂದು ಸುತ್ತು, ಎರಡು ಸಲ ತಟ್ಟಿದರೆ ಸಾಕು. ಊರಿನವರು, "ವಯಸ್ಸಾದಂಗೆಲ್ಲಾ ಗುಲಾಬಸಾಬರ ಕೈ ಹದಕ್ಕ ಬರಾಕತ್ತೈತಿ ನೋಡ್ರಿ" ಎಂದು ಹೊಗಳುತ್ತಿದ್ದರು. ಅವನು ನಗುತ್ತಿದ್ದ. ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ, ಮಗಳ ಮೇಲೆಯೇ. ಯಾವ ಅಪ್ಪ ಒಪ್ಪಿಕೊಳ್ಳುತ್ತಾನೆ ಇದನ್ನು?

ಹಾಗಾದರೆ ಖರೆ ಹೇಳಿ ಮಗಳನ್ನೇ ಮುಂದೆ ಮಾಡಬಾರದಿತ್ತೇ? ಮಾಡಬಹುದಿತ್ತು. ಹುಡುಗಿಯ ಕೈಗೆ ಕಾರು ಯಾರು ಕೊಡುತ್ತಾರೆ, ಶೆಡ್ಡು ಮುಚ್ಚುತ್ತದೆ ಎಂದು ಅವನು ಮಗಳಿಗೆ ಹೇಳುತ್ತಿದ್ದ. ಅದು ಅರ್ಧ ಖರೆ. ಉಳಿದರ್ಧ ಅವನೊಬ್ಬನಿಗೇ ಗೊತ್ತಿತ್ತು. ಕಣ್ಣು ಹೋಗಿದೆ ಎಂದು ಊರಿಗೆ ಗೊತ್ತಾದ ದಿನ ಅವನು ಗುಲಾಬಸಾಬ ಅಲ್ಲ, ಮೂಲೆಯಲ್ಲಿ ಕೂತು ಹೊತ್ತು ಹೊತ್ತಿಗೆ ಗುಳಿಗೆ ನುಂಗುವ ಒಬ್ಬ ಮುದುಕ. ಸಾವಿಗೆ ಹೆದರದವನು ಅದಕ್ಕೆ ಹೆದರಿದ್ದ.

ಯುಗಾದಿ, ರಮಜಾನ್ ಎರಡೂ ಒಂದರ ಬೆನ್ನಿಗೊಂದು ಮುಗಿದ ಮರುವಾರ, ಗುರುವಾರ ಬೆಳಿಗ್ಗೆ ಆ ಕಾರು ಬಂತು. ಹುಬ್ಬಳ್ಳಿಯಲ್ಲಿ ಮೂರು ಕಲ್ಯಾಣ ಮಂಟಪ ಇಟ್ಟುಕೊಂಡಿದ್ದ ಗೋಪನಕೊಪ್ಪದ ವಿನೋದ ಸಾಹುಕಾರನದು. ಅಪ್ಪ ಸತ್ತ ವರ್ಷವೇ ತರಿಸಿದ ಪರದೇಶದ ಕಾರು. ಹೆಸರು ಹೇಳಲು ಹೋದರೆ ನಾಲಿಗೆ ಎರಡು ಕಡೆ ಹೊರಳುತ್ತಿತ್ತು. ಎರಡೇ ಸೀಟು, ಎತ್ತರ ಸೊಂಟದ ತನಕ, ಸದ್ದು ಮಾತ್ರ ನಾಲ್ಕು ಲಾರಿಯದು. ಬಣ್ಣ ಅಚ್ಚ ಕಪ್ಪು.

"ಸಾಬ್ರ, ಹಿಂದಿನ ಸಲ ಇನ್ನೊಂದು ಕಡೆ ಕೊಟ್ಟು ಕೆಟ್ಟೆ" ಎಂದ ವಿನೋದ. "ಸಿಕ್ಕಸಿಕ್ಕವರು ಕೈ ಹಚ್ಚಿದ್ರು. ಬಾನೆಟ್ ನೋಡ್ರಿ, ಹಂಚು ತಿಕ್ಕಿದಂಗ ತಿಕ್ಕ್ಯಾರ. ಐತವಾರ ಬೆಂಗಳೂರಿಂದ ಗೋವಾಕ್ಕ ಹೊಂಟ ಇಂಥಾವ ಹದಿನೈದು ಕಾರು ನಮ್ಮ ಮಂಟಪದ ಮುಂದ ನಿಲ್ತಾವ. ಅಷ್ಟರಾಗ ನಂದು ಕನ್ನಡಿ ಆಗಬೇಕು."

"ಆಗ್ತೈತ್ರಿ" ಎಂದ ಗುಲಾಬಸಾಬ.

"ಒಂದು ಮಾತು. ಮಷಿನ್ ನಿಮ್ಮ ಕೈಯಾಗ ಮಾತ್ರ ಇರಬೇಕು. ಗುಲಾಬಸಾಬರ ಕೈ ಅಂತ ಎಲ್ಲಾರಿಗೂ ಹೇಳಿಬಿಟ್ಟೇನಿ. ನಮ್ಮ ಮಹಾಂತಯ್ಯ ಇಲ್ಲೇ ಕುಂಡರ್ತಾನ. ಬಾಗಲಾ ಹಾಕ್ಕೊಂಡು ಮಾಡ್ರಿ, ಮತ್ತ ಯಾರೂ ಒಳಗ ಬರೂದು ಬ್ಯಾಡ."

"ಮಗಳು ಲೈಟ್ ಹಿಡೀತಾಳ್ರಿ..."

"ಲೈಟಿಗೆ ಸ್ಟ್ಯಾಂಡ್ ಐತೆಲ್ಲಾ? ಅಕಿ ತೊಳೀಲಿ, ಅಳೀಲಿ, ಟೇಪ್ ಹಚ್ಚಲಿ. ನಾಳಿಯಿಂದ ಹೊರಗ ಕುಂತು ಬಿಲ್ ಬರೀಲಿ."

ಆಗುವುದಿಲ್ಲ ಅನ್ನಲು ಒಂದು ಕಾರಣ ಬೇಕು. ಇದ್ದ ಕಾರಣವನ್ನು ಬಾಯಿ ಬಿಟ್ಟು ಹೇಳುವಂತಿಲ್ಲ, ಇಲ್ಲದ ಕಾರಣ ಆ ಹೊತ್ತಿಗೆ ಹೊಳೆಯಲಿಲ್ಲ. ಗುಲಾಬಸಾಬ ಹೂಂ ಅಂದ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅಂದರೆ ಇದೇ ನೋಡಿ, ಮತ್ತೇನು?

ಗುಲ್ನಾಜ ಕಾರು ತೊಳೆದಳು. ಬಣ್ಣದ ದಪ್ಪ ಅಳೆಯುವ ಮೀಟರನ್ನು ಅಂಗೈ ಅಗಲಕ್ಕೊಮ್ಮೆ ಒತ್ತಿ ಒತ್ತಿ ನೋಡಿದಳು. ಅಂಚಿಗೆಲ್ಲ ನೀಲಿ ಟೇಪು ಹಚ್ಚಿದಳು. ಸಂಜೆ ಮನೆಗೆ ಹೋಗುವಾಗ ಸ್ಕೂಟಿಯ ಹಿಂದೆ ಕೂತ ಅಪ್ಪನಿಗೆ ಹೇಳಿದಳು:

"ಬಾಬಾ, ಖರೇ ಹೇಳ್ರಿ ಅವರಿಗೆ. ಇನ್ನೂ ಹೊತ್ತು ಮೀರಿಲ್ಲ."

"ಬಾಯಿ ಮುಚ್ಚು."

ಅವಳು ಬಾಯಿ ಮುಚ್ಚಲಿಲ್ಲ. ಬೈಪಾಸ್ ದಾಟಿದ ಮೇಲೆ ಅಂದಳು, "ಹಂಗಾರ ಕೇಳಿಸ್ಕೊಳ್ರಿ. ಒಂದೊಂದು ಜಾಗಕ್ಕ ನಾಲ್ಕ ಸುತ್ತು. ಎಣಿಸಿ ನಿಲ್ಲಸ್ರಿ, ಐದನೇದು ಬ್ಯಾಡ. ಬಾನೆಟ್ಟಿನ ಬಲಕ್ಕ ಉಬ್ಬಿದ ಮಡಿಕಿ ಗೆರಿ ಐತೆಲ್ಲಾ, ಅಲ್ಲೆ ಹಿಂದಿನವರು ತಿಕ್ಕಿ ತಿಕ್ಕಿ ಪದರ ಸಾಯಿಸ್ಯಾರ. ಆ ಜಾಗದ ಮ್ಯಾಲೆ ಎರಡು ಪದರ ಟೇಪ್ ಹಚ್ಚೇನಿ. ಬೆರಳಿಗೆ ಎರಡು ಪದರ ಹತ್ತಿದ್ರ ಅಲ್ಲೆ ಮಷಿನ್ ಇಡಲೇಬ್ಯಾಡ್ರಿ. ಅದನ್ನ ಆಮ್ಯಾಲೆ ನಾ ಏನರ ಮಾಡ್ತೇನಿ."

ಶುಕ್ರವಾರ ಎಂಟಕ್ಕೆ ಶಟರು ಕೆಳಗೆ ಬಂತು. ಧೂಳು ಬರಬಾರದೆಂದು ಅದರ ಅಡಿಗೆ ಒದ್ದೆ ಗೋಣಿಚೀಲ ತುರುಕಿದರು. ಪಕ್ಕದ ಸಣ್ಣ ಬಾಗಿಲಿಗೆ ಒಳಗಿಂದ ಚಿಲಕ ಬಿತ್ತು. ಚಿಲಕದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮಹಾಂತಯ್ಯ ಕೂತ. ಫ್ಯಾನು ಹಚ್ಚುವಂತಿಲ್ಲ, ಅದೂ ಧೂಳು ಎಬ್ಬಿಸುತ್ತದೆ. ಮೇಲೆ ಪತ್ರಾಸು, ಒಳಗೆ ನಾಲ್ಕು ಲೈಟು. ಒಂಬತ್ತಕ್ಕೇ ಗುಲಾಬಸಾಬನ ಬನಿಯನ್ನು ಮೈಗೆ ಅಂಟಿತು. ಗೋಡೆಯಾಚೆ ಲೇತ್ ಮಷಿನ್ನಿನ ಕಿರಗುಟ್ಟು, ಬಾಗಿಲಾಚೆ ಮಗಳ ಚಪ್ಪಲಿಯ ಸಪ್ಪಳ. ನಾಲ್ಕು ಮಾರು ದೂರ ಅಷ್ಟೇ, ಆದರೂ ಬೆಳಗಾವಿಯಷ್ಟು ದೂರ ಅನ್ನಿಸಿತು.

ಮಹಾಂತಯ್ಯ ಕೆಟ್ಟವನಾಗಿದ್ದರೆ ಎಷ್ಟೋ ಚಲೋ ಇತ್ತು, ಬೈದುಕೊಂಡಾದರೂ ಕೆಲಸ ಮಾಡಬಹುದಿತ್ತು. ಹಣೆತುಂಬ ವಿಭೂತಿ ಹಚ್ಚಿದ, ಅರವತ್ಮೂರು ದಾಟಿದ ಬಲು ಸಾದಾ ಮನುಷ್ಯ. ವಿನೋದನ ಅಪ್ಪನ ಅಂಬಾಸಿಡರ್ ಕಾರಿಗೆ ಮೂವತ್ತು ವರ್ಷ ಡ್ರೈವರ್ ಆಗಿದ್ದವನು.

"ಈ ಗಾಡಿ ಬಂದ ಮ್ಯಾಲೆ ನನಗ ಸ್ಟೇರಿಂಗ್ ತಪ್ಪಿತ್ರಿ ಸಾಬ್ರ" ಎಂದ. "ಸಣ್ಣ ಸಾಹುಕಾರ್ರು ತಾವ ಹೊಡೀತಾರ. ನಂದೇನಿದ್ರೂ ಕುರ್ಚಿ. ಎಲ್ಲಿ ಕುಂಡರು ಅಂತಾರ ಅಲ್ಲಿ ಕುಂಡ್ರೂದು. ಗಾಡಿಗೆ ಏನರ ಆದ್ರ ನಾಳಿಯಿಂದ ಬರಬ್ಯಾಡ ಅಂದಾರ."

"ಏನೂ ಆಗಂಗಿಲ್ರಿ ಅಯ್ಯಾರ" ಎಂದ ಗುಲಾಬಸಾಬ.

ಎಣಿಸುತ್ತ ಹೋದ. ಒಂದು, ಎರಡು, ಮೂರು, ನಾಲ್ಕು. ಎಡಗೈ ಬೆರಳು ಮುಂದೆ ಸರಿದು ಟೇಪಿನ ಅಂಚು ಹುಡುಕುವುದು, ಬಲಗೈ ಮಷಿನ್ನನ್ನು ಅಲ್ಲಿಯ ತನಕ ಒಯ್ದು ತಿರುಗಿಸುವುದು. ನಡುನಡುವೆ ಟಾರ್ಚು ಹಿಡಿದು, ಬಣ್ಣಕ್ಕೆ ಮೂಗು ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದಂತೆ ಮಾಡುವುದು. ನೋಡಿದ ಕಡೆ ಹೊಗೆ. ಆದರೂ ತಲೆಯಾಡಿಸಿ ಹೂಂ ಅನ್ನಬೇಕು. ನಾಟಕ ಕಂಪನಿಯಲ್ಲಿದ್ದಿದ್ದರೆ ಹೆಸರಾದರೂ ಬರುತ್ತಿತ್ತು.

"ಅಬ್ಬಬ್ಬಾ, ಎಷ್ಟ್ ಸೂಕ್ಷ್ಮ ನೋಡ್ತೀರಿ!" ಎಂದು ಮಹಾಂತಯ್ಯ ಬೆರಗಾದ. "ನನಗ ಚಸಮಾ ಹಾಕ್ಕೊಂಡ್ರೂ ಏನೂ ಕಾಣವಲ್ದು."

ಗುಲಾಬಸಾಬ ಟಾರ್ಚು ಆರಿಸಿದ. ನಾಚಿಕೆಯೋ ಸಿಟ್ಟೋ ಅವನಿಗೇ ತಿಳಿಯಲಿಲ್ಲ. ಮತ್ತೆ ಎಣಿಸತೊಡಗಿದ.

ಹನ್ನೆರಡೂವರೆಗೆ ಬಾನೆಟ್ಟಿನ ಎಡ ಅರ್ಧ ಮುಗಿಯಿತು. ಜುಮ್ಮಾ ನಮಾಜಿಗೆ ಹೊರಟ. ಬಾಗಿಲು ತೆಗೆದಾಗ ಬಂದ ಗಾಳಿಗೆ ಮೈ ಜುಮ್ಮೆಂದಿತು. ಗುಲ್ನಾಜ ಟವೆಲ್ ಕೊಟ್ಟು, "ಹ್ಯಾಂಗ ನಡದೈತಿ?" ಎಂದು ಪಿಸುಗುಟ್ಟಿದಳು. ಬೆನ್ನ ಹಿಂದೆಯೇ ಮಹಾಂತಯ್ಯ ನಿಂತಿದ್ದ. "ಚಲೋ ನಡದೈತಿ" ಎಂದು ಜೋರಾಗಿ ಹೇಳಿ ಗುಲಾಬಸಾಬ ಹೋದ.

ಅವನು ಹೋದ ಮೇಲೆ ಮಹಾಂತಯ್ಯ ಚಿಲಕ ಹಾಕಿಕೊಂಡು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಮೂವತ್ತು ವರ್ಷ ಗಾಡಿ ಒರೆಸಿದ ಜೀವ, ಸುಮ್ಮನೆ ಹೇಗೆ ಕೂತೀತು? ಅಂಚಿನ ಟೇಪು ಸರಿ, ಅದು ಅವನಿಗೂ ಗೊತ್ತು. ಆದರೆ ಬಾನೆಟ್ಟಿನ ಬಲಗಡೆ ನಡುವೆ, ಮಡಿಕೆಯ ಮೇಲೆ, ಗೇಣುದ್ದದ ಟೇಪು ಒಂದರ ಮೇಲೊಂದು ಅಂಟಿತ್ತು. ಹುಡುಗಿ ಮರೆತು ಅಂಟಿಸಿದ್ದಾಳೆ ಅಂದುಕೊಂಡ. ಇಂಥ ಝಳಕ್ಕೆ ಅಂಟು ಕರಗಿ ಬಣ್ಣ ಹಿಡಿದರೆ ಆಮೇಲೆ ಕೀಳುವಾಗ ಬಣ್ಣವೂ ಕಿತ್ತು ಬರುತ್ತದೆ. ಅಂಬಾಸಿಡರ್ ಕಾಲದಲ್ಲಿ ಹಾಗಾದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಉಗುರಿಂದ ಮೆಲ್ಲಗೆ ಎಬ್ಬಿಸಿ, ನೂಲಷ್ಟೂ ಗುರುತುಳಿಯದಂತೆ ಟೇಪು ತೆಗೆದು, ಉಂಡೆ ಮಾಡಿ ಕಿಸೆಗೆ ಹಾಕಿಕೊಂಡ. ಒಳ್ಳೆಯ ಕೆಲಸ ಮಾಡಿದೆನೆಂದು ಕುರ್ಚಿಗೆ ಬಂದು ತಂಬಾಕು ತಿಕ್ಕಿದ. ಒಂದು ಕಣ್ಣು ಮುಚ್ಚಿ ಬಣ್ಣ ನೋಡುವ ಉಸ್ತಾದನಿಗೆ ಇಂಥದ್ದನ್ನೆಲ್ಲ ಹೇಳಬೇಕೇ? ನೋಡಿದರೆ ಗೊತ್ತಾಗುತ್ತದಲ್ಲ.

ಎರಡು ಗಂಟೆಗೆ ಮತ್ತೆ ಶಟರಿನ ಒಳಗೆ. ಬಲ ಅರ್ಧ. ಗುಲಾಬಸಾಬನ ಎಡಗೈ ಬೆರಳು ಮಡಿಕೆಯ ಗುಂಟ ಸರಿಯಿತು. ಟೇಪು ಸಿಗಲಿಲ್ಲ. ಇನ್ನೊಮ್ಮೆ ಸರಿಸಿದ. ಸಿಗಲಿಲ್ಲ. ಬೆವರು ಹುಬ್ಬು ದಾಟಿ ಕಣ್ಣಿಗೆ ಇಳಿಯಿತು.

ಬಲಕ್ಕೆ ಅಂದಳಲ್ಲ? ಯಾರ ಬಲಕ್ಕೆ? ಕಾರಿನೊಳಗೆ ಕೂತವನ ಬಲವೋ, ಮುಂದೆ ನಿಂತವನ ಬಲವೋ? ಎಡ ಅರ್ಧದಲ್ಲಿ ಏನಾದರೂ ಬೆರಳಿಗೆ ಹತ್ತಿತ್ತೇ? ಹತ್ತಿದ ನೆನಪಿಲ್ಲ. ಹಾಗಾದರೆ ಇನ್ನೂ ಮೇಲಿರಬೇಕು, ಗಾಜಿನ ಹತ್ತಿರ. ಅಲ್ಲೂ ಇರಲಿಲ್ಲ.

ಬಾಗಿಲಾಚೆ ಮಗಳಿದ್ದಳು. ಗುಲ್ಲೂ ಎಂದು ಒಂದು ಕೂಗು ಕೂಗಿದರೆ ಸಾಕಿತ್ತು. ಆದರೆ ಏನೆಂದು ಕೇಳುವುದು? ಬಾನೆಟ್ಟಿನ ಮೇಲೆ ನೀನು ಹಚ್ಚಿದ ಟೇಪು ಎಲ್ಲಿದೆ ಎಂದು, ಆ ಬಾನೆಟ್ಟಿನ ಮುಂದೆಯೇ ನಿಂತ ಉಸ್ತಾದ ಕೇಳುವುದೇ? ಮಹಾಂತಯ್ಯ ಕಿವುಡನಲ್ಲ. ಸಂಜೆಗೆ ಸಾಹುಕಾರನಿಗೆ ಮುಟ್ಟುತ್ತದೆ, ನಾಳೆಗೆ ಹುಬ್ಬಳ್ಳಿಗೆಲ್ಲ.

"ಯಾಕ್ರಿ ಸಾಬ್ರ, ನಿಂತುಬಿಟ್ರಿ?" ಎಂದು ಕುರ್ಚಿಯಿಂದ ದನಿ ಬಂತು.

"ಏನಿಲ್ರಿ. ನೋಡಾಕತ್ತಿದ್ದೆ" ಎಂದ ಗುಲಾಬಸಾಬ. ಮಷಿನ್ನು ಚಾಲೂ ಮಾಡಿದ.

ಒಂದು. ಎರಡು. ಮೂರು. ಮೂರಕ್ಕೇ ಮಷಿನ್ನಿನ ಸದ್ದು ಬದಲಾದಂತೆ ಕೇಳಿಸಿತು. ಮನಸ್ಸು ನಿಲ್ಲಿಸು ಅಂತು. ಆದರೆ ಮನಸ್ಸು ಬೆಳಗಿನಿಂದ ಪ್ರತಿ ಜಾಗದಲ್ಲೂ ಹಾಗೆಯೇ ಅಂದಿತ್ತು. ನಾಲ್ಕು. ಬೆಚ್ಚಗಿನ, ಒಗರು ವಾಸನೆಯೊಂದು ಮೂಗಿಗೆ ಬಡಿಯಿತು. ನಿಲ್ಲಿಸಿದ.

ಪ್ಯಾಡು ಸ್ವಚ್ಛ ಮಾಡಲು ಅವನ ಬಳಿ ಯಾವಾಗಲೂ ಗರಗದ ಹಳೆಯ ಬಿಳಿ ಖಾದಿಯ ತುಂಡು ಇರುತ್ತಿತ್ತು. ತಿರುಗುವ ಪ್ಯಾಡಿಗೆ ಅದನ್ನು ಹಿಡಿದರೆ ಕಂಪೌಂಡೆಲ್ಲ ಬಟ್ಟೆಗೆ ಬರುತ್ತದೆ. ಹಿಡಿದ. ಬಟ್ಟೆಯನ್ನು ಕಣ್ಣ ಮುಂದೆ ತಂದ. ಬಟ್ಟೆಯಿದ್ದ ಕಡೆ ಹೊಗೆ. ವಾರೆ ಮಾಡಿದ, ಬಿಳಿಯೋ ಬೂದಿಯೋ ತಿಳಿಯಲಿಲ್ಲ, ಅವನ ನೆರಳೇ ಅಡ್ಡ ಬಂದಿತ್ತು.

ಮಹಾಂತಯ್ಯ ಎದ್ದು ಬಂದ. ಬಟ್ಟೆ ನೋಡಿದ. ಅವನ ಮುಖ ಅರಳಿದ್ದು ದನಿಯಲ್ಲೇ ತಿಳಿಯಿತು.

"ಭಲೇ ಸಾಬ್ರ! ಈಗ ಬಂತ್ ನೋಡ್ರಿ ಹಳೇ ಹೊಲಸು. ಅರಿವಿ ಕಾಡಿಗಿ ಆದಂಗ ಆಗೇತಿ. ಮುಂಜಾನಿಂದ ಬರೇ ಬೆಳ್ಳಗ ಬರಾಕತ್ತಿತ್ತು, ಏನೂ ಹೋಗವಲ್ದಲ್ಲಾ ಅಂತ ನಾ ಚಿಂತಿ ಮಾಡಾಕತ್ತಿದ್ದೆ. ನಮ್ಮ ಅಂಬಾಸಿಡರ್ ತಿಕ್ಕಿದಾಗ ಹಿಂಗ ಅರಿವಿ ಕರ್ರಗ ಆದ್ರನ ದೊಡ್ಡ ಸಾಹುಕಾರ್ರು ಖುಷಿ ಆಗ್ತಿದ್ರು."

ಮಹಾಂತಯ್ಯ ಹೇಳಿದ್ದು ಸುಳ್ಳಲ್ಲ. ಅಂಬಾಸಿಡರ್ ಕಾಲದ ಬಣ್ಣಕ್ಕೆ ಮೇಲೆ ಗಾಜಿನ ಪದರ ಇರಲಿಲ್ಲ. ತಿಕ್ಕಿದರೆ ಸತ್ತ ಬಣ್ಣ ಬಟ್ಟೆಗೆ ಬರುತ್ತಿತ್ತು, ಬಂದಷ್ಟೂ ಚಲೋ. ಗುಲಾಬಸಾಬನೂ ಹಾಗೆಯೇ ಕಲಿತವನು. ಆದರೆ ಈಗಿನ ಕಾರಿನಲ್ಲಿ ಬಟ್ಟೆ ಬೆಳ್ಳಗೇ ಇರಬೇಕು. ಕಪ್ಪು ಬಂತೆಂದರೆ ಪದರ ಸತ್ತಿತು, ಮಷಿನ್ನು ಒಳಗಿನ ಬಣ್ಣಕ್ಕೆ ಹೋಯಿತು.

"ಅಯ್ಯಾರ, ಇಲ್ಲೆ ಟೇಪ್ ಇತ್ತೇನ್ರಿ?" ಎಂದು ಕೇಳಿದ. ದನಿ ತನ್ನದೆಂದು ಅವನಿಗೇ ಅನ್ನಿಸಲಿಲ್ಲ.

"ಇತ್ರಿ. ನಾನ ತಗದು ಕಿಸೇದಾಗ ಇಟ್ಟೇನಿ. ಹುಡುಗಿ ಮರತು ನಡುವ ಹಚ್ಚಿತ್ತು..." ಮಹಾಂತಯ್ಯ ಅಲ್ಲಿಗೇ ನಿಂತ. ಎದುರಿಗಿದ್ದವನ ಮುಖ ಕಂಡು ದನಿ ಇಳಿಯಿತು. "ಯಾಕ್ರಿ? ತಪ್ಪಾತೇನ್ರಿ?"

"ಬಣ್ಣ ಹೋತ್ರಿ ಅಯ್ಯಾರ. ತಿರುಗಿ ಬರಂಗಿಲ್ಲ."

ಮಹಾಂತಯ್ಯ ಬಗ್ಗಿ ನೋಡಿದ. ರೂಪಾಯಿ ಬಿಲ್ಲೆಯಷ್ಟು ಜಾಗ ಮಂಕಾಗಿತ್ತು. ಅವನು ಗೋಡೆಗೆ ಕೈ ಕೊಟ್ಟು ನಿಂತು, "ನನ್ನ ನೌಕರಿ ಹೋತ್ರಿ. ಈ ವಯಸ್ಸಿನ್ಯಾಗ ನನ್ನ ಯಾರ್ ತಗೋತಾರ್ರಿ?" ಎಂದ.

ಗುಲಾಬಸಾಬ ಲೆಕ್ಕ ಹಾಕಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಾಕಿದ. ನಿಮ್ಮ ಮನುಷ್ಯನೇ ನನ್ನ ಟೇಪು ಕಿತ್ತ ಎಂದರೆ ಮುಗಿಯಿತು. ಖರೆ ಮಾತು, ಎರಡು ಪದರ ಟೇಪಿನ ಉಂಡೆ ಮಹಾಂತಯ್ಯನ ಕಿಸೆಯಲ್ಲೇ ಇದೆ. ಕಣ್ಣಿನ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಬೆಳಗಿನಿಂದ ಹುಡುಕಿದ ಬಾಗಿಲು ಈಗ ತೆರೆದಿತ್ತು, ಆದರೆ ಆ ಬಾಗಿಲಲ್ಲಿ ಈ ಮುದುಕ ಅಡ್ಡ ಬಿದ್ದಿದ್ದ. ದಾಟಬೇಕಾದರೆ ತುಳಿದೇ ದಾಟಬೇಕು. ಅದೂ ಹೋಗಲಿ, ಟೇಪು ಸಿಗದಿದ್ದಾಗ ನಿಂತವನು ಯಾರು? ಕೂಗಬೇಕೆಂದು ತಿಳಿದೂ ಕೂಗದೆ ಮಷಿನ್ನು ಒತ್ತಿದವನು ಯಾರು? ಮಹಾಂತಯ್ಯ ಟೇಪು ಕಿತ್ತಿರಬಹುದು, ನಾಲ್ಕು ಸುತ್ತು ಎಣಿಸಿದ್ದು ಮಹಾಂತಯ್ಯನಲ್ಲ.

"ಚಿಲಕ ತಗೀರಿ" ಎಂದ. ಆಮೇಲೆ ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಕೂಗನ್ನು ಕೂಗಿದ: "ಗುಲ್ಲೂ!"

ಗುಲ್ನಾಜ ಬಂದಳು, ನೋಡಿದಳು. ಅಪ್ಪನ ಕೈಯಿಂದ ಮಷಿನ್ನು ತೆಗೆದುಕೊಂಡು ಪಕ್ಕಕ್ಕಿಟ್ಟಳು. ವಿನೋದನಿಗೆ ಫೋನ್ ಹೋಯಿತು. ಒಂದು ತಾಸಿನಲ್ಲಿ ಅವನು ಬಂದು ನಿಂತ.

"ಇದೇನಿದು?" ಎಂದು ಗುಡುಗಿದ. "ಹ್ಯಾಂಗಾತು? ಮಹಾಂತಯ್ಯ, ನಿನ್ನ ಯಾಕ ಕುಂಡ್ರಿಸಿದ್ದೆ ಇಲ್ಲೆ?"

ಮಹಾಂತಯ್ಯ ಕಿಸೆಗೆ ಕೈ ಹಾಕಿದ, ಟೇಪಿನ ಉಂಡೆ ತೆಗೆಯಲು. ಗುಲಾಬಸಾಬನಿಗೆ ಅಷ್ಟು ವಾರೆಯಲ್ಲಿ ಕಂಡಿತು.

"ಅವರದೇನೂ ಇಲ್ರಿ" ಎಂದ. "ನನಗ ಕಣ್ಣು ಕಾಣಂಗಿಲ್ಲ. ಎರಡು ವರ್ಷ ಆತು. ಊರಾಗ ನೀವೆಲ್ಲಾ ಹೊಗಳೂ ಕೈ ಇಕಿದು, ನನ್ನ ಮಗಳದು. ನಿಮಗ ಹೇಳಲಿಲ್ಲ. ನಾಚಿಕಿ ಬಂತು, ಹೇಳಲಿಲ್ಲ."

ವಿನೋದ ಒಮ್ಮೆ ಅಪ್ಪನನ್ನು, ಒಮ್ಮೆ ಮಗಳನ್ನು, ಒಮ್ಮೆ ಕಾರನ್ನು ನೋಡಿದ. ಬಾಯಿಗೆ ಬಂದದ್ದನ್ನೆಲ್ಲ ಬೈದ. ಬೈದು ಬೈದು ದಣಿದ ಮೇಲೆ ಅವನಿಗೂ ಒಂದು ಹೊಳೆಯಿತು: ಐತವಾರಕ್ಕೆ ಉಳಿದದ್ದು ಒಂದೇ ದಿನ, ಬೇರೆ ಯಾರ ಕೈಗೂ ಕೊಡುವಂತಿಲ್ಲ.

"ಇದನ್ನ ಮುಚ್ಚಾಕ ಬರ್ತೈತೇನು?" ಎಂದು ಗುಲ್ನಾಜಳನ್ನು ಕೇಳಿದ.

"ಕರೀ ಮೇಣ ಹಚ್ಚಿದ್ರ ಎರಡು ದಿನ ಕಾಣಂಗಿಲ್ರಿ. ಬಿಸಿಲಿಗೆ ಮಾತ್ರ ನಿಲ್ಲಂಗಿಲ್ಲ. ಪೇಂಟೇ ಮಾಡಸಬೇಕು."

"ಎರಡು ದಿನ ಸಾಕು. ಉಳಿದದ್ದನ್ನ ನೀನ ಮುಗಸು." ಆಮೇಲೆ ಅವನು ಗುಲಾಬಸಾಬನ ಹತ್ತಿರ ಬಂದು ದನಿ ತಗ್ಗಿಸಿದ. "ಆದ್ರ ಹೆಸರು ನಿಮ್ಮದ. ಗುಲಾಬಸಾಬರ ಕೈ ಅಂತ ಹೇಳೇನಿ, ಹುಡುಗಿ ಮಾಡಿದ್ಲು ಅಂದ್ರ ನಗ್ತಾರ. ಮುಗಿಯೂ ತನಕ ನೀವೂ ಒಳಗ ಇರಬೇಕು. ಐತವಾರ ಬಂದು ಕಾರಿನ ಬಾಜೂಕ ನಿಲ್ಲಬೇಕು. ಒಂದು ಮಾತು ಹೊರಗ ಬಿತ್ತೋ, ಈ ಶೆಡ್ಡಿಗೆ ಒಂದು ಕಾರು ಬರದಂಗ ಮಾಡ್ತೇನಿ."

ಶಟರು ಮತ್ತೆ ಕೆಳಗೆ ಬಂತು. ಅವತ್ತು ಸಂಜೆ, ಮರುದಿನ ಇಡೀ ಹಗಲು ಗುಲ್ನಾಜ ಕೆಲಸ ಮಾಡಿದಳು. ಅಪ್ಪ ಮುಗಿಸಿದ್ದ ಎಡ ಅರ್ಧವನ್ನೂ ಹಗುರ ಕೈಯಿಂದ ತಿದ್ದಿದಳು. ಮಹಾಂತಯ್ಯ ಇನ್ನೊಂದು ಕುರ್ಚಿ ತಂದು ತನ್ನ ಕುರ್ಚಿಯ ಪಕ್ಕಕ್ಕೆ ಹಾಕಿದ. ಗುಲಾಬಸಾಬ ಅದರಲ್ಲಿ ಕೂತ. ಹೇಳಬಾರದ್ದನ್ನು ಹೇಳಿದ್ದಾಯಿತು, ಆದರೂ ಒಳಗೇ ಇದ್ದಾನೆ. ಮೊದಲು ತಾನೇ ಹಾಕಿಕೊಂಡ ಚಿಲಕ, ಈಗ ಇನ್ನೊಬ್ಬರು ಹಾಕಿದ್ದು, ಅಷ್ಟೇ ಫರಕು. ಮಗಳ ಮಷಿನ್ನಿನ ಸದ್ದು ಎಲ್ಲೂ ಎಡವಲಿಲ್ಲ. ಎಲ್ಲಿ ತಾನು ನಾಲ್ಕು ಎಣಿಸುತ್ತಿದ್ದನೋ ಅಲ್ಲಿ ಅವಳು ಎರಡಕ್ಕೇ ನಿಲ್ಲಿಸುತ್ತಿದ್ದಳು, ಕೆಲವು ಕಡೆ ಆರಕ್ಕೆ ಹೋಗುತ್ತಿದ್ದಳು. ಇಷ್ಟು ದಿನ ಅವನು ಅದನ್ನು ಕೇಳಿಸಿಕೊಂಡೇ ಇರಲಿಲ್ಲ. ಹೊಟ್ಟೆ ಉರಿಯಲಿಲ್ಲ, ಸಂಕಟವಾಯಿತು.

"ನಾಳೆ ನೀನೂ ಬಾ" ಎಂದ ಮಗಳಿಗೆ.

"ನಾ ಯಾಕ್ರಿ? ಕೈ ನಿಮ್ಮದಲ್ಲ?" ಎಂದಳು ಗುಲ್ನಾಜ. ಅವಳ ದನಿಯಲ್ಲಿ ಎರಡು ವರ್ಷದ ಸಿಟ್ಟಿತ್ತು. ಅದನ್ನೂ ಅವನು ಮೊದಲ ಸಲ ಕೇಳಿಸಿಕೊಂಡ. ಆದರೂ ಅವಳು ಬಂದಳು.

ಐತವಾರ ಹನ್ನೊಂದಕ್ಕೆ ಕಲ್ಯಾಣ ಮಂಟಪದ ಮುಂದಿನ ಬಯಲಲ್ಲಿ ಹದಿನಾರು ಕಾರು ನಿಂತವು. ಸುತ್ತ ಹಗ್ಗ ಕಟ್ಟಿದ್ದರು, ಹಗ್ಗದಾಚೆ ಊರಿಗೆ ಊರೇ ಮೊಬೈಲ್ ಹಿಡಿದು ನಿಂತಿತ್ತು. ವಿನೋದನ ಕರಿ ಕಾರಿನಲ್ಲಿ ಮೋಡ ತೇಲುವುದು ಕಾಣುತ್ತಿತ್ತು ಎಂದು ಜನ ಹೇಳುವುದು ಗುಲಾಬಸಾಬನ ಕಿವಿಗೆ ಬಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅವನು ಬಾನೆಟ್ಟಿನ ಪಕ್ಕ ನಿಂತಿದ್ದ. ವಿನೋದನ ಕೈ ಅವನ ಭುಜದ ಮೇಲಿತ್ತು. ಬಂದವರಿಗೆಲ್ಲ ವಿನೋದ, "ಇವರ ನೋಡ್ರಿ, ಇವರದ ಕೈ" ಅನ್ನುತ್ತಿದ್ದ. ಪ್ರತಿ ಸಲ ಹಾಗೆಂದಾಗ ಭುಜದ ಮೇಲಿನ ಕೈ ಸ್ವಲ್ಪ ಒತ್ತುತ್ತಿತ್ತು. ಗುಲಾಬಸಾಬನಿಗೆ ಶಟರಿನ ಒಳಗೇ ನಿಂತಂತೆ ಉಸಿರು ಕಟ್ಟುತ್ತಿತ್ತು.

ಹನ್ನೆರಡಕ್ಕೆ ಬಿಸಿಲು ನೆತ್ತಿಗೆ ಬಂತು. ಬೆಂಗಳೂರಿನಿಂದ ಬಂದ ಒಬ್ಬ, ಬಾನೆಟ್ಟಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ.

"ಇಂಥ ಕೆಲಸ ನಮ್ ಕಡೆನೂ ನೋಡಿಲ್ಲ ಸಾರ್" ಎಂದ. "ಒಂದು ಗೆರೆ ಇಲ್ಲ. ಆದ್ರೆ ಇಲ್ಲೊಂದು ಕಡೆ ಮಂಕಾಗಿದೆಯಲ್ಲ, ಏನದು?"

ಮೇಣ ಕರಗಿತ್ತು. ಭುಜದ ಮೇಲಿನ ಕೈ ಬಿಗಿಯಿತು.

"ಎಲ್ಲಿ? ಅದು ನೆರಳು" ಎಂದ ವಿನೋದ.

ಗುಲಾಬಸಾಬ ಮುಂದೆ ಬಗ್ಗಿದ. ಕಣ್ಣನ್ನು ಕೇಳಲು ಹೋಗಲಿಲ್ಲ. ಎಡಗೈ ಬೆರಳು ಮಡಿಕೆಯ ಗುಂಟ ಸರಿದು, ಸರಿಯಾಗಿ ಆ ಬಿಲ್ಲೆಯಗಲದ ಜಾಗಕ್ಕೆ ಹೋಗಿ ನಿಂತಿತು.

"ನೆರಳಲ್ರಿ ಸಾಹೇಬ್ರ. ಇಷ್ಟು ಜಾಗಾ ನನ್ನ ಕೈ" ಎಂದ, ಹಗ್ಗದಾಚೆಗೂ ಕೇಳುವಷ್ಟು ಜೋರಾಗಿ. "ಉಳಿದದ್ದೆಲ್ಲಾ ನನ್ನ ಮಗಳು ಗುಲ್ನಾಜಂದು."

ಭುಜದ ಮೇಲಿದ್ದ ಕೈ ಎದ್ದುಹೋಯಿತು. ಹಗ್ಗದಾಚೆ ಮಹಾಂತಯ್ಯನ ಪಕ್ಕದಲ್ಲಿ ಮಗಳು ನಿಂತಿದ್ದಳು. ಅವಳ ಮುಖ ಕಾಣಲೆಂದು ಗುಲಾಬಸಾಬ ಒಂದು ಪಕ್ಕಕ್ಕೆ ತಿರುಗಿ ನಿಂತ.